ಡುಬ್ಬ ಇಲ್ಲದ ಎತ್ತು

ವಫ್ರಾ, ಕುವೈತ್
೨೦ ಅಕ್ಟೋಬರ್ ೨೦೨೩

ಅಕ್ಕನಿಗೆ ಈರಯ್ಯನ ಶರಣು.

ನೀನು ಗಟ್ಟಿಯಾಗಿದ್ದೀ ಅಂತ ನಿನ್ನ ಸೊಸೆ ಶ್ರುತಿ ಫೋನಿನಲ್ಲಿ ಹೇಳಿದಳು. ನಿನ್ನ ಕಿವಿ ಫೋನಿಗೆ ಒಗ್ಗದ ಮೇಲೆ ನನಗೆ ಈ ಕಾಗದವೇ ಗತಿ. ಬರೆದು, ಫೋಟೊ ತೆಗೆದು ಅವಳ ಮೊಬೈಲಿಗೆ ಹಾಕುತ್ತೇನೆ. ಅಕ್ಷರ ಸಣ್ಣ ಕಂಡರೆ ಎರಡು ಬೆರಳಿನಿಂದ ಹಿಗ್ಗಿಸು. ಆರನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ, ಹಿಗ್ಗಿಸಿದರೂ ಅಷ್ಟೇ.

ಹೊಸ ಸುದ್ದಿ ಏನೆಂದರೆ ನನ್ನನ್ನು ಪಂಪಿನ ಕೆಲಸದಿಂದ ತೆಗೆದು ಒಂದು ಎತ್ತಿನ ಕೆಲಸಕ್ಕೆ ಹಾಕಿದ್ದಾರೆ. ಹೆದರಬೇಡ, ನಾನೇ ಸಾಕಷ್ಟು ಹೆದರಿದ್ದೇನೆ. ನಮ್ಮ ಧಣಿ, ಇಲ್ಲಿಯವರ ಮಾತಿನಲ್ಲಿ ಕಫೀಲ್, ಬು ಫಹದ್ ಅವರ ಮಗಳು ನೂರಾ ಅಮೆರಿಕದಲ್ಲಿ ಒಕ್ಕಲುತನ ಓದಿ ಬಂದಿದ್ದಾಳೆ. ಅಲ್ಲಿ ಹುಡುಗ ಹುಡುಗಿಯರು ಒಂದೊಂದು ಎತ್ತು ಮೇಯಿಸಿ ಪ್ರದರ್ಶನಕ್ಕೆ ಒಯ್ಯುತ್ತಾರಂತೆ. ಇಲ್ಲಿಯೂ ತೋಟದ ಮಾಲೀಕರು ಕೆಲವರು ಸೇರಿ ಫೆಬ್ರವರಿಯಲ್ಲಿ ಅದನ್ನು ಮಾಡುತ್ತಿದ್ದಾರೆ. "ಎತ್ತಿನ ಸಂಗತಿ ಯಾರಿಗೆ ಗೊತ್ತು?" ಎಂದು ಕಫೀಲ್ ಕೇಳಿದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ಅಪ್ಪನ ಕೂಡ ಎತ್ತು ಕಟ್ಟಿದವನು ನಾನು ಎಂದುಬಿಟ್ಟೆ.

ಈಗ ನೋಡಿದರೆ ಇದು ಎತ್ತೇ ಅಲ್ಲ ಅನಿಸುತ್ತದೆ. ಬೀಜ ಒಡೆದದ್ದು ಹೌದು. ಆದರೆ ಕೋಡಿಲ್ಲ, ಗಂಗೆದೊಗಲು ಇಲ್ಲ, ಮೂಗುದಾಣ ಇಲ್ಲ. ಎಲ್ಲಕ್ಕಿಂತ, ಅಕ್ಕ, ಅದಕ್ಕೆ ಡುಬ್ಬ ಇಲ್ಲ. ಬೆನ್ನು ನಮ್ಮ ಪಡಸಾಲೆಯ ಕಟ್ಟೆಯಂತೆ ಸಪಾಟಾಗಿದೆ. ಕಪ್ಪಗಿದೆ. ಸಹಾಬ್ ಅಂತ ಹೆಸರಿಟ್ಟಿದ್ದಾಳೆ. ಮೋಡ ಎಂದು ಅರ್ಥವಂತೆ.

ಅದು ಹದಕ್ಕೆ ಬರಬೇಕು. ಇವರ ಹದ ಬೇರೆ. ನೂರಾ ನನ್ನ ಕೈ ಹಿಡಿದು ಕಲಿಸಿದಳು: ಮುಷ್ಟಿ ಕಟ್ಟಿ ಗೆಣ್ಣಿನ ಮೇಲೆ ಬೆರಳಾಡಿಸು, ಪಕ್ಕೆಲುಬು ಹಾಗೆ ಸಿಕ್ಕರೆ ಬಡಕಲು. ಅಂಗೈಯ ಹೆಬ್ಬೆರಳ ಬುಡದ ಹಾಗೆ ಮೆತ್ತಗಾದರೆ ಅತಿಯಾಯಿತು. ಬಿಚ್ಚಿದ ಕೈಯ ಹಿಂಬದಿ ಮುಟ್ಟಿದ ಹಾಗಿದ್ದರೆ ಹದ. ಅಂದಿನಿಂದ ನಾನು ಊಟಕ್ಕೆ ಕೂತರೂ ನನ್ನ ಕೈಯನ್ನೇ ಮುಟ್ಟಿ ನೋಡುತ್ತಿರುತ್ತೇನೆ.

ಏನೇನು ಹಾಕಬೇಕು, ನಿನಗೆ ತಿಳಿದದ್ದು ಬರೆ. ಪ್ರದರ್ಶನವಾದ ಮೇಲೆ ಹರಾಜು ಅಂತೆ. ಅದರ ಆಚೆಗಿನದು ನಾನು ಕೇಳಿಲ್ಲ. ಕೇಳುವ ಧೈರ್ಯವೂ ಇಲ್ಲ. ಇದು ಚೆನ್ನಾಗಿ ನಡೆದರೆ ಮಣ್ಣೆತ್ತಿನ ಅಮಾವಾಸ್ಯೆಗೆ ರಜೆ ಎಂದು ಕಫೀಲ್ ಮಾತು ಕೊಟ್ಟಿದ್ದಾರೆ. ಆರು ವರ್ಷವಾಯಿತು ನಾನು ಮಣ್ಣೆತ್ತಿಗೆ ಕಣ್ಣು ಇಟ್ಟು. ಈ ಸಲ ತಪ್ಪಬಾರದು ಅಂತ ಒಂದೇ ಆಸೆ.

ನಿನ್ನ ತಮ್ಮ
ಈರಯ್ಯ


ಬೈಲಹೊಂಗಲ
೨ ನವೆಂಬರ್ ೨೦೨೩

ತಮ್ಮ ಈರಯ್ಯನಿಗೆ ಶಾರದವ್ವನ ಆಶೀರ್ವಾದ.

ಕಾಗದ ಓದಿದೆ. ಡುಬ್ಬ ಇಲ್ಲ ಅಂದರೆ ನೊಗ ಎಲ್ಲಿ ನಿಲ್ಲುತ್ತದೆ? ಯಾರಾದರೂ ಕೊಯ್ದಿದ್ದಾರೋ ಏನೋ, ಗಾಯದ ಗುರುತು ಇದೆಯೇ ನೋಡು. ಶ್ರುತಿಗೆ ತೋರಿಸಿದರೆ "ಅತ್ತಿ, ಆ ತಳಿನ ಹಂಗ ಇರ್ತೈತಿ" ಅಂತಾಳೆ. ಅವಳಿಗೆ ಎಲ್ಲ ಮೊಬೈಲಿನಲ್ಲಿ ಗೊತ್ತು.

ಹುರುಳಿ ಬೇಯಿಸಿ ಹಾಕು. ಕುಸುಬಿ ಹಿಂಡಿ ಸಿಕ್ಕರೆ ಒಳ್ಳೆಯದು, ಮೈ ಮಿಂಚುತ್ತದೆ. ಮುಂಜಾನೆ ಸಂಜೆ ಉಸುಕಿನಲ್ಲಿ ನಡೆಸು. ಹೊಟ್ಟೆ ಬಿಡಬಾರದು. ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಲ್ಲ, ಎತ್ತಿನ ಹೊಟ್ಟೆ ನಡುವಿಗೆ ಸೆಲ್ಲೆ ಬಿಗಿದ ಗಂಡಸಿನ ಹೊಟ್ಟೆಯಂತೆ ಇರಬೇಕು. ಬಹುಮಾನ ಬಂದರೆ ಹೂವಿನ ಹಾರ ಹಾಕಿ ಫೋಟೊ ಕಳಿಸು. ಹರಾಜಿನಲ್ಲಿ ಯಾರಾದರೂ ಒಳ್ಳೆಯ ಒಕ್ಕಲಿಗನೇ ಹಿಡಿಯಲಿ.

ಅಮಾವಾಸ್ಯೆಗೆ ಬಾ. ನೀನಿಲ್ಲದೆ ನಾನೇ ಕುಸುಬಿ ಕಾಳಿನ ಕಣ್ಣು ಇಡುತ್ತೇನೆ. ಎರಡು ಎತ್ತಿಗೆ ನಾಲ್ಕು ಕಾಳು, ಅಷ್ಟೂ ನೆಟ್ಟಗೆ ಕೂರುವುದಿಲ್ಲ. ಹೋದ ವರ್ಷ ಒಂದು ಎತ್ತು ಮೇಲಿನ ಜಂತಿ ನೋಡುತ್ತಿತ್ತು, ಇನ್ನೊಂದು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

ಕಳೆದ ವರ್ಷ ಗಂಟು ರೋಗ ಬಂದ ಆಕಳು ಈಗ ಹಾಲು ಹಿಂಡುತ್ತಿದೆ. ಮೈಮೇಲೆ ಕಲೆ ಮಾತ್ರ ಉಳಿದಿದೆ.

ಶಾರದವ್ವ


ವಫ್ರಾ
೮ ಡಿಸೆಂಬರ್ ೨೦೨೩

ಅಕ್ಕ,

ಈ ಕಾಗದವನ್ನು ಶ್ರುತಿಗೂ ತೋರಿಸಬೇಡ. ಅವಳೇ ಮೊಬೈಲ್ ಕೊಡಬೇಕಲ್ಲ, ಹಾಗಾದರೆ ತೋರಿಸು, ಆದರೆ ಬೇರೆ ಯಾರಿಗೂ ಹೇಳಬೇಡಿ ಅನ್ನು.

ಸಹಾಬನ ಬಾಲದ ಬುಡಕ್ಕೆ, ಎಡಕ್ಕೊಂದು ಬಲಕ್ಕೊಂದು, ಗಂಟು ಎದ್ದಿವೆ. ಮುಟ್ಟಿದರೆ ಮೆತ್ತಗೆ ಸರಿಯುತ್ತವೆ. ನಿನ್ನೆ ಎದೆಯ ಮುಂದೆಯೂ ಬಾವು ಇಳಿದ ಹಾಗೆ ಕಂಡಿತು. ಅಪ್ಪನ ಎತ್ತುಗಳಿಗೆ ಇಂಥದ್ದು ಎಂದೂ ಕಂಡವನಲ್ಲ ನಾನು. ನಿನ್ನ ಆಕಳಿಗೆ ಬಂದದ್ದೇ ಇದಕ್ಕೂ ಬಂದಿದೆ. ನನ್ನ ಬಟ್ಟೆಯಿಂದ ಬಂತೋ, ಅಬು ಹಲೀಫಾದಲ್ಲಿ ಊರಿನವರನ್ನು ನೋಡಲು ಹೋಗಿದ್ದೆನಲ್ಲ, ಅಲ್ಲಿಂದ ಹಿಡಿದು ತಂದೆನೋ. ಕೂತಲ್ಲಿ ನಿಂತಲ್ಲಿ ಇದೇ ಚಿಂತೆ.

ನೂರಾ ಇನ್ನೂ ಮುಂದಿನ ಓದಿನ ಪರೀಕ್ಷೆ ಬರೆಯಲು ಪಟ್ಟಣದಲ್ಲಿದ್ದಾಳೆ, ತಿಂಗಳ ಕೊನೆಗೆ ಬರುತ್ತಾಳೆ. ಡಾಕ್ಟರಿಗೆ ಹೇಳಬೇಕು, ನನಗೂ ಗೊತ್ತು. ಆದರೆ ಪಕ್ಕದ ತೋಟದಲ್ಲಿ ಕುರಿಗಳಿಗೆ ರೋಗ ಬಂದಾಗ ಔಷಧ ಕೊಡಲಿಲ್ಲ ಅಕ್ಕ, ಸೂಜಿ ಹಾಕಿ ಗುಂಡಿ ತೋಡಿದರು. ಅದಕ್ಕೇ ಹೇಳಿಲ್ಲ.

ಶುವೈಖ್‌ನಿಂದ ಮೇವಿನ ಲಾರಿ ತರುವ ಲಾಯ್ಡ್ ಅಂತ ಮಂಗಳೂರಿನವನು ಇದ್ದಾನೆ. ಅವನಿಗೆ ಮಾತ್ರ ತೋರಿಸಿದೆ. ಅವನು ಹಿಂದೆ ನಿಂತು ನೋಡಿ, "ಅಯ್ನೋರೇ, ಇದು ನಂಗೆ ತಿಂದು ತಿಂದು ಆದ ಹಾಗೆ ಕಾಣ್ತದೆ. ನನ್ನ ಸೊಂಟ ನೋಡಿ, ಇಲ್ಲಿಯೂ ಉಂಟು" ಅಂದ. ಅವನಿಗೆ ಎಲ್ಲವೂ ತಮಾಷೆ.

ಕಾಳು ಪೂರ್ತಿ ನಿಲ್ಲಿಸಿದ್ದೇನೆ. ಒಣಹುಲ್ಲು, ನೀರು ಅಷ್ಟೇ. ನಿನ್ನ ಆಕಳಿಗೆ ಏನು ಕೊಟ್ಟೆ, ಬೇಗ ಬರೆ.

ಈರಯ್ಯ


ಬೈಲಹೊಂಗಲ
೯ ಡಿಸೆಂಬರ್ ೨೦೨೩

ಈರಯ್ಯ,

ವೀಳ್ಯದೆಲೆ, ಮೆಣಸು, ಉಪ್ಪು ಅರೆದು ಬೆಲ್ಲದಲ್ಲಿ ಉಂಡೆ ಮಾಡಿ ನಾಲಿಗೆಗೆ ಸವರು. ಗಂಟಿನ ಮೇಲೆ ಅರಿಷಿಣ, ಕೊಬ್ಬರಿ ಎಣ್ಣೆ. ಬೇವು ಸಿಕ್ಕರೆ ಅದನ್ನೂ ಸೇರಿಸು. ಕಾಳು ನಿಲ್ಲಿಸಿದ್ದು ಒಳ್ಳೆಯದು ಮಾಡಿದೆ. ದಿನಾ ನಡೆಸು, ಬಾವು ಇಳಿಯುತ್ತದೆ.

ಶ್ರುತಿ ಡಾಕ್ಟರಿಗೆ ತೋರಿಸಲಿ ಅನ್ನುತ್ತಿದ್ದಾಳೆ. ಮೊದಲು ಇದು ಮಾಡು.

ಶಾರದವ್ವ


ವಫ್ರಾ
೨೯ ಡಿಸೆಂಬರ್ ೨೦೨೩

ಅಕ್ಕನಿಗೆ ಶರಣು.

ಗಂಟು ಇಳಿದವು. ನಿನ್ನ ಔಷಧ ನಾಟಿತು. ಅದೇ ದೊಡ್ಡ ಅನಾಹುತವಾಗಿದೆ.

ಮೊನ್ನೆ ನೂರಾ ಬಂದಳು. ಸಹಾಬನ ಹಿಂಭಾಗವೆಲ್ಲ ಹಳದಿ. ಅಷ್ಟು ಕಪ್ಪು ಮೈಗೆ ಅಷ್ಟು ಅರಿಷಿಣ, ಮದುವೆಗೆ ಕೂರಿಸಿದ ಹಾಗಿತ್ತು. "ಈರಯ್ಯ, ಏನಿದು?" ಅಂದಳು. ಅವಳ ಅರ್ಧ ಹಿಂದಿ, ನನ್ನ ಅರ್ಧ ಅರಬ್ಬಿಯಲ್ಲಿ ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳು ಹುಲ್ಲಿನ ಸಿವುಡಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನನಗೂ ನಗು ಬಂತು, ರೋಗ ಅಲ್ಲವಲ್ಲ ಎಂದು. ಆಮೇಲೆ ಎದ್ದು ಪಕ್ಕೆಯ ಮೇಲೆ ಕೈಯಾಡಿಸಿದಳು. ನಗು ನಿಂತಿತು. ತನ್ನ ಮುಷ್ಟಿ ಕಟ್ಟಿ ಗೆಣ್ಣು ತೋರಿಸಿದಳು.

ಆ ಗಂಟು ರೋಗವಲ್ಲವಂತೆ ಅಕ್ಕ. ಅದೇ ಹದವಂತೆ. ಬಾಲದ ಬುಡಕ್ಕೆ ಕೊಬ್ಬು ಕೂತರೆ ಮೈಯೆಲ್ಲ ಕೂತಿದೆ ಅಂತ ಲೆಕ್ಕ. ಅವರು ಚಳಿಗಾಲವಿಡೀ ಕಾಯುತ್ತಿದ್ದದ್ದು ಅದಕ್ಕೇ. ನಾನು ಅದಕ್ಕೆ ಅರಿಷಿಣ ಹಚ್ಚಿ, ಉಪವಾಸ ಹಾಕಿ, ಉಸುಕಿನಲ್ಲಿ ಓಡಾಡಿಸಿ ಕರಗಿಸಿದೆ.

ಕೊಬ್ಬು ಯಾಕೆ ಬೇಕು ಎಂದು ನೀನು ಕೇಳುವ ಮುಂಚೆ ನಾನೇ ಬರೆಯುತ್ತೇನೆ. ಮೊದಲ ಕಾಗದದಲ್ಲಿ ಕೇಳಿಲ್ಲ ಎಂದು ಬರೆದಿದ್ದೆ. ಈಗ ಕೇಳಿದೆ. ಇದು ಹೂಡುವ ಎತ್ತಲ್ಲ. ಹೊಲ ಕಾಣುವುದೇ ಇಲ್ಲ. ಹರಾಜು ಹಿಡಿಯುವವರು ಒಕ್ಕಲಿಗರಲ್ಲ, ಹೋಟೆಲಿನವರು. ಪ್ರದರ್ಶನವಾದ ದಿನವೇ ಕಸಾಯಿಖಾನೆಯ ಲಾರಿ ಬಂದು ನಿಂತಿರುತ್ತದೆ. ಅಂಗಡಿಯಲ್ಲಿ ತೂಗುವ ಮಾಂಸಕ್ಕೆ ಒಳ್ಳೆಯ ಕೊಬ್ಬು ಇರಬೇಕು, ಅದಕ್ಕೆ ಈ ಜವೆಗೋಧಿ, ಈ ಗೋವಿನಜೋಳ, ಈ ನಾನು.

ಅಯ್ಯನವರ ಮನೆಯಲ್ಲಿ ಹುಟ್ಟಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಬಸವಣ್ಣನನ್ನು ಕತ್ತಿಗೆ ತಯಾರು ಮಾಡುತ್ತಿದ್ದೇನೆ. ದಿನಾ ಮುಂಜಾನೆ ನಾನು ಬಕೀಟು ಅಲ್ಲಾಡಿಸಿದರೆ ಅದು ಎಲ್ಲಿದ್ದರೂ ಬರುತ್ತದೆ. ಬಂದು ನನ್ನ ಕೈ ನೆಕ್ಕುತ್ತದೆ, ಉಪ್ಪಿರುತ್ತದಲ್ಲ ಬೆವರಿನಲ್ಲಿ.

ಈ ಕೈಯಿಂದ ನಾನು ಮಣ್ಣೆತ್ತಿಗೆ ಕಣ್ಣು ಇಡಬಹುದೋ ಇಲ್ಲವೋ. ನೀನು ಹೇಳಿದ ಹಾಗೆ ಕೇಳುತ್ತೇನೆ.

ಈರಯ್ಯ


ವಫ್ರಾ
೧೨ ಜನವರಿ ೨೦೨೪

ಅಕ್ಕ,

ಎರಡು ವಾರವಾಯಿತು. ನೀಲಿ ಗೆರೆ ಬಿದ್ದಿವೆ, ಅಂದರೆ ನೋಡಿದ್ದೀರಿ. ಶ್ರುತಿಗೆ ಫೋನ್ ಮಾಡಿದರೆ "ಅತ್ತಿ ಅರಾಮ ಅದಾರ್ರಿ" ಅನ್ನುತ್ತಾಳೆ, ಮುಂದೆ ಮಾತು ಹೊರಳಿಸುತ್ತಾಳೆ. ನೀನು ಸಿಟ್ಟಾಗಿದ್ದೀ. ಆಗಲೇಬೇಕು. ಆದರೂ ಇದೊಂದಕ್ಕೆ ಉತ್ತರ ಬರೆ, ಆಮೇಲೆ ಬೇಕಾದರೆ ಬರೆಯಬೇಡ.

ಲಾಯ್ಡ್ ಒಂದು ಮಾತು ಹೇಳಿದ. ಪ್ರದರ್ಶನದ ಬಾಗಿಲಲ್ಲಿ ಕೈಯಾಡಿಸಿ ನೋಡುತ್ತಾರಂತೆ, ಹದ ಬಾರದ್ದನ್ನು ಒಳಗೆ ಬಿಡದೆ ವಾಪಸ್ ಕಳಿಸುತ್ತಾರಂತೆ. "ಅಯ್ನೋರೇ, ನಿಮಗೆ ಅಷ್ಟು ಬೇಜಾರಿದ್ರೆ ಅರ್ಧ ಹೊಟ್ಟೆ ಹಾಕಿ ಮಾರಾಯ್ರೆ, ಯಾರಿಗೆ ಗೊತ್ತಾಗ್ತದೆ? ಅದೂ ಬದುಕ್ತದೆ, ನೀವೂ ಬದುಕ್ತೀರಿ" ಅಂದ. ಅವನು ದನ ತಿನ್ನುವವನು, ಆದರೂ ನನ್ನ ಮುಖ ನೋಡಿ ಹೇಳಿದ.

ನೂರಾ ದಿನಾ ಬರುತ್ತಾಳೆ. ಅದಕ್ಕೆ ಮೈ ತಿಕ್ಕುತ್ತಾಳೆ, ಕೂದಲು ಬಾಚುತ್ತಾಳೆ. ಹದಕ್ಕೆ ತರುವುದು ನನ್ನ ಜವಾಬ್ದಾರಿ ಎಂದು ಬಿಟ್ಟಿದ್ದಾಳೆ. ನಾನು ಕಾಳು ಅಳೆಯುವಾಗ ಒಂದು ದಿನ ತುಂಬ ಹಾಕುತ್ತೇನೆ, ಒಂದು ದಿನ ಬೊಗಸೆ ವಾಪಸ್ ತೆಗೆಯುತ್ತೇನೆ. ಅದು ಖಾಲಿ ಬಕೀಟಿನಲ್ಲಿ ಮೂತಿ ಇಟ್ಟು ನನ್ನನ್ನೇ ನೋಡುತ್ತದೆ. ತಲೆ ಕೆಟ್ಟಿದೆ. ಏನು ಮಾಡಲಿ?

ಈರಯ್ಯ


ಬೈಲಹೊಂಗಲ
೧೬ ಜನವರಿ ೨೦೨೪

ಈರಯ್ಯ,

ನಿನ್ನ ಕಾಗದ ಓದಿ ಎರಡು ದಿನ ನಾನು ಯಾರ ಸಂಗಡವೂ ಮಾತಾಡಲಿಲ್ಲ. ಕಿವುಡಿ ಮಾತು ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮೂರನೇ ದಿನ ಶ್ರುತಿ ತಾನಾಗಿ ಚಹಾ ತಂದಿಟ್ಟು ಎದುರಿಗೆ ಕೂತಳು. ಆಗ ಅತ್ತೆ.

ಆಮೇಲೆ ಸುಮ್ಮನೆ ಕೂರಲಿಲ್ಲ. ಶ್ರುತಿಯನ್ನು ಕರೆದುಕೊಂಡು ಕುರುಬರ ಓಣಿಗೆ ಹೋದೆ. ಅಲ್ಲಿ ಟಗರು ಮೇಯಿಸಿ ಮಾರುವ ಮುದುಕ ಒಬ್ಬ ಇದ್ದಾನೆ. ಅಯ್ಯನವರ ಮನೆಯ ಹೆಂಗಸು ಕಟ್ಟೆಗೆ ಬಂದು ಕೊಬ್ಬಿಸುವುದು ಹೇಗೆ ಎಂದು ಕೇಳಿದರೆ ಅವನಿಗೆ ಬೆರಗು. "ಯಾಕವ್ವಾ, ಮಠದಾಗ ಟಗರ ಕಟ್ಟೀರೇನು?" ಅಂತ ಕೈ ಮಾಡಿ ಕೇಳಿದ. ಶ್ರುತಿ ಬರೆದು ತೋರಿಸಿದಳು. ನಾನೂ ನಕ್ಕೆ. ಅವನು ಹೇಳಿದ್ದು ಇಷ್ಟು: ಬಿಟ್ಟ ಕಾಳನ್ನು ಒಮ್ಮೆಲೇ ಹಾಕಬಾರದು, ಹೊಟ್ಟೆ ಹುಳಿಯುತ್ತದೆ, ಕಾಲು ಹಿಡಿಯುತ್ತದೆ. ದಿನಾ ಒಂದು ಹಿಡಿ ಏರಿಸು. ಮೊದಲು ಹುಲ್ಲು, ಆಮೇಲೆ ಕಾಳು. ನೀರು ಸದಾ ಇರಲಿ. ನಡೆಸುವುದು ಕಡಿಮೆ ಮಾಡು, ಮಲಗಿ ಮೆಲುಕು ಹಾಕಲಿ. ಮೊದಲು ನಾನು ನಿನಗೆ ಬರೆದದ್ದು ಹೂಡುವ ಎತ್ತಿನ ಮಾತು, ಅದನ್ನು ಬಿಡು.

ಇನ್ನು ನೀನು ಕೇಳಿದ್ದು. ವಾಪಸ್ ಕಳಿಸಿದರೆ ಮುಂದೆ ಏನು ಎಂದು ಆ ಹುಡುಗಿಯನ್ನು ಕೇಳಿದೆಯಾ? ಲಾರಿಯವನನ್ನಲ್ಲ, ಅವಳನ್ನು ಕೇಳು. ಅದು ಬದುಕುತ್ತದೆ ಅಂದರೆ ಅವಳಿಗೆ ನೇರವಾಗಿ ಹೇಳಿ ಈ ಕೆಲಸ ಬಿಡು. ಬದುಕುವುದಿಲ್ಲ ಅಂದರೆ ಅದಕ್ಕೆ ಅರ್ಧ ಹೊಟ್ಟೆ ಯಾಕೆ? ನಿನ್ನ ಮನಸ್ಸಿನ ಸಂಕಟಕ್ಕೆ ಅದು ಹಸಿದಿರಬೇಕೇ? ಬಾಯಿ ಬಿಟ್ಟು ಕೇಳಲು ಬಾರದ ಜೀವ.

ಮಣ್ಣೆತ್ತಿನ ಮಾತು ಈಗ ಬೇಡ.

ಶಾರದವ್ವ


ವಫ್ರಾ
೧೧ ಫೆಬ್ರವರಿ ೨೦೨೪

ಅಕ್ಕನಿಗೆ ಶರಣು.

ನೀನು ಹೇಳಿದ ಹಾಗೆ ನೂರಾಳನ್ನು ಕೇಳಿದ್ದೆ. ಅವಳು ಅದರ ಕಿವಿ ಉಜ್ಜಿದಳು. "ವಾಪಸ್ ಬಂದರೆ ಅಪ್ಪನ ದಿವಾನಿಯಾಕ್ಕೆ, ರಂಜಾನ್ ಒಳಗೆ" ಅಂದಳು. ದಿವಾನಿಯಾ ಅಂದರೆ ಗಂಡಸರು ಕೂತು ಮಾತಾಡಿ ಊಟ ಮಾಡುವ ಕೋಣೆ. "ಅಲ್ಲಿಯೂ ಕತ್ತಿಯೇ, ಈರಯ್ಯ. ಬೇರೆ ದಾರಿ ನನಗೂ ಗೊತ್ತಿಲ್ಲ." ಅವಳಿಗೂ ಇದು ಮೊದಲನೆಯದು. ಮುಖ ತಿರುಗಿಸಿಕೊಂಡು ಹೇಳಿದಳು.

ಅವತ್ತಿನಿಂದ ಹೊಟ್ಟೆ ತುಂಬ ಹಾಕಿದೆ. ದಿನಾ ಒಂದು ಹಿಡಿ ಏರಿಸಿದೆ. ಕುರುಬರ ಮುದುಕನಿಗೆ ಹೇಳು, ಒಂದು ದಿನವೂ ಹೊಟ್ಟೆ ಉಬ್ಬಲಿಲ್ಲ. ಗಂಟು ಮೆಲ್ಲಗೆ ವಾಪಸ್ ಬಂದವು. ಬಂದದ್ದು ಕಂಡು ನನಗೆ ಸಂತೋಷವಾಯಿತು. ಆ ಸಂತೋಷ ನೋಡಿ ಹೆದರಿಕೆಯೂ ಆಯಿತು.

ನಿನ್ನೆ ಪ್ರದರ್ಶನ. ನೂರಾ ಅದನ್ನು ತೊಳೆದು, ಗಾಳಿ ಯಂತ್ರದಿಂದ ಕೂದಲು ಒಣಗಿಸಿ, ಮೇಲಕ್ಕೆ ಬಾಚಿ ನಿಲ್ಲಿಸಿದ್ದಳು. ಕಪ್ಪು ಮಖಮಲ್ಲು. ತೀರ್ಪುಗಾರ ಹೊರದೇಶದವನು, ದೊಡ್ಡ ಟೊಪ್ಪಿಗೆಯವನು. ಪಕ್ಕೆಯ ಮೇಲೆ ಕೈಯಾಡಿಸುತ್ತಾ ಹಿಂದಕ್ಕೆ ಬಂದ. ಬಾಲದ ಬುಡದ ಗಂಟಿನ ಮೇಲೆ ಅಂಗೈ ಇಟ್ಟ. ನಾನು ಬೇಲಿಯ ಹೊರಗೆ ನಿಂತು ನನ್ನ ಕೈಯ ಹಿಂಬದಿಯನ್ನೇ ಹಿಡಿದುಕೊಂಡಿದ್ದೆ. ಅವನು ತಲೆಯಾಡಿಸಿದ. ಎರಡನೇ ಬಹುಮಾನ. ಮೊದಲ ಬಹುಮಾನ ಬಂದದ್ದಕ್ಕಿಂತ ಇದರ ಹದವೇ ಚೆಂದವಿತ್ತಂತೆ, ಕಾಲು ಸ್ವಲ್ಪ ಒಳಗೆ ತಿರುಗಿವೆ ಅಂತ ಎರಡನೆಯದಾಯಿತು. ಲಾಯ್ಡ್ ಬಂದು ಬೆನ್ನು ತಟ್ಟಿ, "ಕಾಲು ನೀವು ತಿರುಗಿಸಿದ್ದಲ್ಲ ಅಯ್ನೋರೇ, ಅದು ಫ್ಯಾಕ್ಟರಿ ಫಾಲ್ಟು" ಅಂದ.

ಹಾರ ಹಾಕಲಿಲ್ಲ. ಒಂದು ಕೆಂಪು ರಿಬ್ಬನ್ನು ಕಟ್ಟಿದರು. ಸಂಜೆ ಲಾರಿ ಬಂತು. ಹತ್ತಿತು. ಅಷ್ಟೇ.

ಈರಯ್ಯ


ಬೈಲಹೊಂಗಲ
೧೫ ಮಾರ್ಚ್ ೨೦೨೪

ಈರಯ್ಯ,

ಒಂದು ತಿಂಗಳಾಯಿತು, ನಿನ್ನ ಕಾಗದ ಇಲ್ಲ. ರಂಜಾನ್ ಶುರುವಾಗಿದೆಯಲ್ಲ, ಕೆಲಸ ಹೆಚ್ಚೋ ಏನೋ. ನಿನಗೆ ಊಟ ವೇಳೆಗೆ ಸಿಗುತ್ತದೆಯೇ? ಆಕಳು ಗಬ್ಬವಾಗಿದೆ. ಈ ವರ್ಷ ಮಾವು ಹೂ ಚೆನ್ನಾಗಿ ಬಿಟ್ಟಿದೆ.

ಬರೆ.

ಶಾರದವ್ವ


ಬೈಲಹೊಂಗಲ
೨೪ ಏಪ್ರಿಲ್ ೨೦೨೪

ಈರಯ್ಯ,

ಶ್ರುತಿಗೆ ಫೋನ್ ಮಾಡಿ ಅರಾಮ ಅಂತ ಹೇಳುತ್ತೀಯಂತೆ. ನನಗೆ ಯಾಕೆ ಬರೆಯುವುದಿಲ್ಲ? ಚಿಂತೆ ಮಾಡುವುದು ನಿನ್ನ ಕೆಲಸ, ಅದನ್ನು ನನ್ನ ತಲೆಗೆ ಕಟ್ಟಬೇಡ. "ಹತ್ತಿತು, ಅಷ್ಟೇ" ಎಂದು ಬರೆದಿದ್ದೀ. ನೀನು ಅಷ್ಟೇ ಅನ್ನುವವನಲ್ಲ. ಒಂದು ಚಹಾ ಕುಡಿದರೆ ಒಂದು ಪುಟ ಬರೆಯುವವನು.

ಶಾರದವ್ವ


ವಫ್ರಾ
೨೪ ಮೇ ೨೦೨೪

ಅಕ್ಕನಿಗೆ ಶರಣು.

ತಪ್ಪಾಯಿತು. ಕಾಗದ ಹಿಡಿದು ಕೂರುತ್ತಿದ್ದೆ, "ಅಕ್ಕ" ಎಂದು ಬರೆದು ಎದ್ದುಬಿಡುತ್ತಿದ್ದೆ.

ಕಫೀಲ್ ರಜೆ ಕೊಟ್ಟಿದ್ದಾರೆ. ಜುಲೈ ಒಂದಕ್ಕೆ ಟಿಕೆಟ್ ಮಾಡಿಸುತ್ತೇನೆ ಅನ್ನುತ್ತಾರೆ. ಅಮಾವಾಸ್ಯೆ ಐದಕ್ಕೆ. ನಾನು ಇನ್ನೂ ಹೂಂ ಅಂದಿಲ್ಲ. ಮಣ್ಣೆತ್ತಿನ ಮಾತು ಬೇಡ ಎಂದು ನೀನು ಬರೆದದ್ದನ್ನು ದಿನಾ ಓದುತ್ತೇನೆ. ನೀನು ಬರೆದದ್ದು ಸರಿ. ಅದಕ್ಕೆ ಕಾರಣ ನಿನಗೆ ಪೂರ್ತಿ ಗೊತ್ತಿಲ್ಲ, ಅದನ್ನು ಹೇಳಿಬಿಡುತ್ತೇನೆ.

ಅವತ್ತು ಅದು ಲಾರಿ ಹತ್ತಲಿಲ್ಲ ಅಕ್ಕ. ಹಲಗೆಯ ಮೇಲೆ ಮುಂಗಾಲು ಇಟ್ಟು ನಿಂತುಬಿಟ್ಟಿತು. ನೂರಾ ಹಗ್ಗ ಎಳೆದಳು, ಬರಲಿಲ್ಲ. ಅವಳು ಹಗ್ಗ ಬಿಟ್ಟು ಕಾರಿನೊಳಗೆ ಹೋಗಿ ಕೂತಳು. ಲಾರಿಯವರು ಕೋಲು ತಂದರು. ಒಬ್ಬ ಹಿಂದಿನಿಂದ ತಿವಿದ. ಅದು ಕೂಗಿತು. ನಾನು ಆವರೆಗೆ ಅದರ ಕೂಗು ಕೇಳಿರಲಿಲ್ಲ.

"ಖಲಾಸ್, ಬಿಡ್ರಿ, ನಾ ಕರೀತೇನಿ" ಅಂದೆ. ಕನ್ನಡದಲ್ಲೇ ಅಂದೆ ಅಂತ ಕಾಣುತ್ತದೆ. ಬಕೀಟಿನ ತಳದಲ್ಲಿ ಎರಡು ಹಿಡಿ ಜವೆಗೋಧಿ ಹಾಕಿಕೊಂಡು ಲಾರಿಯೊಳಗೆ ಹತ್ತಿ ನಿಂತು ಅಲ್ಲಾಡಿಸಿದೆ. ಕಿವಿ ನಿಮಿರಿಸಿತು. ಬಂತು. ನನ್ನ ಹಿಂದೆ ಹಿಂದೆ ಒಳಗೆ ಬಂದು, ತಿಂದು, ಎಂದಿನಂತೆ ಈ ಕೈ ನೆಕ್ಕಿತು. ನಾನು ಸಂದಿಯಿಂದ ಇಳಿದೆ. ಬಾಗಿಲು ಹಾಕಿದರು.

ಕರೆದದ್ದು ನಾನು. ಈ ಕೈಯಿಂದ ಕಣ್ಣು ಇಡಲು ಬರುವುದಿಲ್ಲ. ಟಿಕೆಟ್ ಬೇಡ ಎಂದು ಹೇಳಲೇ? ಪೂಜೆ ಮುಗಿದ ಮೇಲೆ ಯಾವಾಗಲಾದರೂ ಬರುತ್ತೇನೆ.

ಈರಯ್ಯ


ಬೈಲಹೊಂಗಲ
೧೭ ಜೂನ್ ೨೦೨೪

ಈರಯ್ಯ,

ಕಾಗದವನ್ನು ಮೂರು ಸಲ ಓದಿದೆ. ಕಡೆಗೆ ಶ್ರುತಿ ಮೊಬೈಲ್ ಕೊಟ್ಟು ಬಿಟ್ಟು ಹೊರಗೆ ಹೋದಳು.

ಮಣ್ಣೆತ್ತಿನ ಮಾತು ಬೇಡ ಎಂದು ಬರೆದದ್ದು, ಆಗ ಏನು ಹೇಳಬೇಕೆಂದು ನನಗೇ ತಿಳಿದಿರಲಿಲ್ಲ, ಅದಕ್ಕೆ. ನಿನ್ನನ್ನು ಹೊರಗೆ ನಿಲ್ಲಿಸಲಿಕ್ಕಲ್ಲ. ಆದರೂ ಸುಳ್ಳು ಹೇಳುವುದಿಲ್ಲ, ಜನವರಿಯಲ್ಲಿ ನೀನು ಬಾಗಿಲಿಗೆ ಬಂದಿದ್ದರೆ ನೀರು ಕೊಡಲು ನನ್ನ ಕೈ ಒಂದು ಗಳಿಗೆ ಹಿಂದೆ ಮುಂದೆ ನೋಡುತ್ತಿತ್ತು. ಅಷ್ಟು ನನ್ನಲ್ಲೂ ಇತ್ತು. ಈಗ ಇಲ್ಲ.

ಪಾಪವೋ ಏನೋ, ಅದನ್ನು ಹೇಳುವಷ್ಟು ನಾನು ಓದಿಲ್ಲ. ಕೋಲಿನ ಮುಂದೆ ಹೋಗಬೇಕಾದದ್ದು ನಿನ್ನ ಬಕೀಟಿನ ಹಿಂದೆ ಹೋಯಿತು. ನಾನು ಅಲ್ಲಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ನನಗೂ ಬಕೀಟೇ ಕಂಡಿತು.

ನಿನ್ನೆ ಕೆರೆಯ ಮಣ್ಣು ತರಿಸಿದೆ. ಹದ ನೋಡಲು ಒಂದು ಎತ್ತು ಮಾಡಿದೆ. ಕೈ ರೂಢಿ, ಡುಬ್ಬ ತಾನೇ ಎದ್ದಿತು. ಹೆಬ್ಬೆರಳಿನಿಂದ ಒತ್ತಿ ಅದನ್ನು ಸಪಾಟು ಮಾಡಿದೆ. ಕೋಡೂ ತೆಗೆದೆ. ಪಕ್ಕದ ಮನೆಯವಳು ಬಂದು ನೋಡಿ, "ಇದೇನವ್ವಾ, ಬಸವಣ್ಣನ್ನ ಮಾಡೂದ ಬಿಟ್ಟು ಹಂದಿ ಮಾಡೀಯಲ್ಲ?" ಅಂತ ಶ್ರುತಿಯ ಕಡೆ ತಿರುಗಿ ಕೇಳಿದಳಂತೆ. "ನಮ್ಮ ಈರಯ್ಯಮಾವನ ಎತ್ತದು" ಅಂತ ಶ್ರುತಿ ಹೇಳಿದಳಂತೆ.

ಅಮಾವಾಸ್ಯೆಗೆ ಹೊಸದಾಗಿ ಮೂರು ಮಾಡುತ್ತೇನೆ. ಎರಡು ನೊಗಕ್ಕೆ, ಎಂದಿನಂತೆ. ಮೂರನೆಯದು ಮೇವು ಹಾಕುವ ಗ್ವಾದಲಿಯ ಹತ್ತಿರ ನಿಲ್ಲಲಿ. ಗ್ವಾದಲಿ ಈ ಸಲ ದೊಡ್ಡದು ಬೇಕು, ಅದಕ್ಕೂ ಮಣ್ಣು ಹೆಚ್ಚು ನೆನೆಹಾಕುತ್ತೇನೆ. ಬಾಲದ ಬುಡದ ಗಂಟು ನನಗೆ ಸರಿ ಬರುತ್ತಿಲ್ಲ. ಎಷ್ಟು ಏಳಬೇಕು, ಎಲ್ಲಿ ಕೂರಬೇಕು, ಕೈಯಾಡಿಸಿ ಬಲ್ಲವನು ನೀನು. ಅದನ್ನು ನಿನಗೇ ಬಿಟ್ಟಿದ್ದೇನೆ.

ಕಫೀಲನಿಗೆ ಹೂಂ ಅನ್ನು.

ಕುಸುಬಿ ಕಾಳು ಆರಿಸಿ ಬಟ್ಟಲಲ್ಲಿ ಇಟ್ಟಿದ್ದೇನೆ. ಈ ವರ್ಷ ಆರು ಬೇಕಲ್ಲ.

ಶಾರದವ್ವ